ಖಾಲಿ ಖಣ

ಗುಳೇದಗುಡ್ಡ, ಬಣ್ಣಗಾರರ ಓಣಿ.
ನೆಲಕ್ಕೆ ಗೋಣಿಚೀಲ ಹಾಸಿ
ದಸ್ತಗೀರ ನನ್ನ ಕಂಪ್ಯೂಟರಿನ ಪಕ್ಕೆ ಬಿಚ್ಚಿದ.
ಒಳಗೆ ಹನ್ನೆರಡು ವರ್ಷದ ಹತ್ತಿಯ ನವಿರು,
ರೇಷ್ಮೆಯದೂ ಸ್ವಲ್ಪ, ದಾಳಿಂಬೆ ಕೆಂಪು,
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು
ಗುಬ್ಬಿ ಗೂಡು ಕಟ್ಟಲು ಶುರುಮಾಡಿ ಬಿಟ್ಟುಹೋದ ಹಾಗೆ.

"ಅಕ್ಕಾರ, ನಿಮ್ಮ ಹಂತೇಕ ಎಷ್ಟೈತಿ?"
"ಎರಡು ಸಾವಿರದ ನೂರು."
"ಹಂಗಾರ ಎರಡರಾಗ ಒಂದು.
ಪ್ರೊಸೆಸರ್ ಅಂದ್ರ ಬುದ್ಧಿ ಚುರುಕಾಗ್ತೈತಿ.
ರ‍್ಯಾಮ್ ಅಂದ್ರ ನೆನಪು ಹೆಚ್ಚಾಗ್ತೈತಿ.
ಯಾವುದು ಹಾಕ್ಲಿ?"

ಹೀಗೆ ನನ್ನನ್ನು ಯಾರೂ ಕೇಳಿದ್ದಿಲ್ಲ.

ನೆನಪಿತ್ತು ನಮ್ಮತ್ತೆಗೆ:
ಯಾರ ಮನೆಯಿಂದ ಉಡಿಗೆ ಎಂಥ ಖಣ ಬಂತು,
ಇಪ್ಪತ್ತು ವರ್ಷದ್ದು, ಅಂಚಿನ ಸಮೇತ.
ಬುದ್ಧಿಯಿತ್ತು ನಾದಿನಿಗೆ:
ಆ ಖಣವನ್ನೇ ಇಸ್ತ್ರಿ ಮಾಡಿ ಇನ್ನೊಬ್ಬರ ಉಡಿಗೆ ಹಾಕುತ್ತಿದ್ದಳು.
ಒಂದೇ ಅಡಿಗೆಮನೆಯಲ್ಲಿ ಇಬ್ಬರೂ ಬಾಳಲಿಲ್ಲ.

ಕಟ್ಟೆಯ ಮೇಲೆ ಈರಸಂಗಪ್ಪ ಮುತ್ಯಾ.
ನಲವತ್ತು ವರ್ಷ ಜಕಾರ್ಡಿನ ರಟ್ಟಿಗೆ ತೂತು ಹೊಡೆದವನು,
ಈಗ ಎರಡೂ ಕಣ್ಣಿಗೆ ಪೊರೆ.
"ನೆನಪು ಕಿಲೋಕ್ಕ ಹೆಂಗೋ ತಮ್ಮಾ?"
"ಜಿಬಿ ಲೆಕ್ಕ, ಮುತ್ಯಾ. ಹಳೇ ನಮೂನಿ ತುಟ್ಟಿ.
ಹೊಸಾದು ಸೋವಿ, ಆದ್ರ ಇದಕ್ಕ ಕೂಡೂದಿಲ್ಲ."

ನನ್ನ ಮನಸ್ಸು ಬುದ್ಧಿಯ ಕಡೆಗಿತ್ತು, ಸುಳ್ಳೇಕೆ.
ಇಳಕಲ್ಲಿನ ಹುಡುಗನೊಬ್ಬ ತಾಸಿಗೊಂದು ಅಂಚು ಬರೆಯುತ್ತಾನಂತೆ,
ನನಗೆ ಒಂದಕ್ಕೆ ಎರಡು ರಾತ್ರಿ.

ದಸ್ತಗೀರ ಆನೆಹೆಜ್ಜೆಯ ಫೈಲು ತೆರೆಸಿದ,
ಮೇಲೆ ಅಂಚಿನದು, ಅದರ ಮೇಲೆ ಬಣ್ಣದ ಪಟ್ಟಿ.
ಪರದೆ ಕಲ್ಲಾಯಿತು. ಮುಂದಿನ ಕೆಂಪು ದೀಪ ಪಟಪಟ ಪಟಪಟ.
"ನೋಡ್ರಿ. ಬುದ್ಧಿ ಕೈಕಟ್ಟಿ ಕುಂತೈತಿ, ನೂರಕ್ಕ ಮೂವತ್ತು.
ನೆನಪು ತೊಂಬತ್ತೇಳು.
ಪಡಸಾಲ್ಯಾಗ ಜಾಗಾ ಇಲ್ದ
ಒಂದೊಂದು ಎಳಿಗೂ ಹಗೇವಕ್ಕ ಇಳದು ಹತ್ತಾಕತ್ತೈತಿ.
ಇದಕ್ಕ ಓಡೋ ಕಾಲು ಕೊಟ್ಟು ಏನ್ ಮಾಡೋದು?"
ಟಾರ್ಚು ಬಿಟ್ಟು ತೋರಿಸಿದ:
"ಎರಡು ಖಣದ ಮನಿ. ಒಂದು ಖಣ ಖಾಲಿ."

ನಮ್ಮೂರಲ್ಲಿ ಖಣ ಅಂದರೆ ಮೊದಲು ಕುಪ್ಪಸ,
ಕಂಬದಿಂದ ಕಂಬಕ್ಕೆ ನಡುವಿನ ಜಾಗ ಆಮೇಲೆ.
ಹನ್ನೆರಡು ವರ್ಷ ನಾನು ಖಣ ಬರೆದ ಪೆಟ್ಟಿಗೆಯಲ್ಲೇ
ಒಂದು ಖಣ ಬರಿದಾಗಿತ್ತು, ದೂಳು ತುಂಬಿ.

ಕೂಡಿಸಿದ. ಪೆಟ್ಟಿಗೆ ಮೂರು ಸಲ ಚೀರಿತು. ಪರದೆ ಕಪ್ಪು.
ಮಗಳ ಕಂಪಾಸು ಬೇಡಿ ಗುಲಾಬಿ ರಬ್ಬರು ತೆಗೆದು
ಹಳೆಯ ರ‍್ಯಾಮಿನ ಬಂಗಾರದ ಹಲ್ಲು ತಿಕ್ಕತೊಡಗಿದ.
"ಅಳಸಾಕತ್ತೀಯೇನೋ?" ಮುತ್ಯಾನಿಗೆ ಗಾಬರಿ.
"ಅಳಸೂದಲ್ಲ. ಕಿಲುಬು ತಗೀತೀನಿ, ನೆನಪಾಗ್ಲಿ ಅಂತ."

ಎಣಿಸಿತು. ನಾಲ್ಕು ಸಾವಿರದ ತೊಂಬತ್ತಾರು.
ಹೆಜ್ಜೆ, ಅಂಚು, ಬಣ್ಣ, ಮೂರೂ ಒಂದೇ ಪಂಕ್ತಿಗೆ ಕೂತವು.
ಲೆಕ್ಕ ಹಾಕಲು ಈಗಲೂ ಹೊತ್ತು ಬೇಕು.
ಯೋಚಿಸಲಿ ಬಿಡು. ಚಹಾಕ್ಕಿಟ್ಟೆ.
ಉಳಿದದ್ದು ಆರುನೂರು, ಮತ್ತು ಅರ್ಧ ರಬ್ಬರು.

ಐದೂವರೆಗೆ ಕರೆಂಟು ಹೋಯಿತು.
ಓಣಿಯ ಪವರ್‌ಲೂಮುಗಳೆಲ್ಲ ಅರ್ಧ ಮಾತಿಗೆ ನಿಂತವು.
ನಾನು ಸೇವ್ ಮಾಡಿರಲಿಲ್ಲ.
ರೊಕ್ಕ ಕೊಟ್ಟು ತಂದ ನೆನಪು
ತಂತಿ ಸತ್ತ ಕ್ಷಣ ನನ್ನ ಗುರುತೂ ಇಲ್ಲದ ಹಾಗೆ ಕೂತಿತು.
"ಅದರ ಗುಣಾನ ಹಂಗ," ಅಂದ ದಸ್ತಗೀರ,
ಬಿದ್ದ ಸ್ಕ್ರೂ ತಡಕುತ್ತ.

ಮುತ್ಯಾ ಎದ್ದ, ಗೋಡೆ ಹಿಡಿದು ಬಂದ.
ಕತ್ತಲೆ ಅವನಿಗೆ ಹೊಸದಲ್ಲ.
ಗೂಟಕ್ಕೆ ತೂಗಿದ ಹಳೆಯ ರಟ್ಟುಗಳ ಸರ
ಬೆರಳ ತುದಿಯಿಂದ ಓದುತ್ತ ಓದುತ್ತ
ಒಂದೆಡೆ ನಿಂತ.

"ಇಲ್ಲಿ ನೋಡು. ಒಂದು ತೂತು ಹೆಚ್ಚು ಹೊಡದೀನಿ,
ನಮ್ಮವ್ವ ತೀರಿದ ವಾರ.
ಆನಿ ಹೆಜ್ಜಿಗೆ ಒಂದು ಉಗುರು ಜಾಸ್ತಿ.
ಯಾರಿಗೂ ಕಾಣ್ಲಿಲ್ಲ.
ಮೂರು ತಾಲೂಕಿನ ಹೆಣ್ಮಕ್ಕಳು ತೊಟ್ಕೊಂಡು ಅಡ್ಡ್ಯಾಡಿದ್ರು."